ಸಾವಿರ ಸುಳ್ಳು, ಒಂದು ಮದುವೆ: ‘ಮಿಡ್‌ನೈಟ್’ ಬಗ್ಗೆ ನಿಮ್ಮ ಪ್ರಶ್ನೆಗಳು

ಮನಸ್ಸು ಭಾರವಾದಾಗ ಯಾವ ಹಳೇ ಸಿನಿಮಾ ನೋಡ್ತೀರಿ ಅಂತ ಕಳೆದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ‘ಮಿಡ್‌ನೈಟ್’ ಅಂತ ಒಂದೇ ಪದದಲ್ಲಿ ಉತ್ತರ ಕೊಟ್ಟಿದ್ದೆ. 1939ರ ಹಾಲಿವುಡ್ ಸಿನಿಮಾ ಅದು. ಕಪ್ಪು ಬಿಳುಪು, ಒಂದೂವರೆ ಗಂಟೆ ಚಿಲ್ಲರೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ. ಕೆಲವರು ಹುಡುಕಿ ನೋಡಿಯೇ ಬರೆದಿದ್ದಾರೆ, ಅದಂತೂ ನನಗೆ ತುಂಬಾ ಖುಷಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಸಿನಿಮಾಕ್ಕೇ ಮೀಸಲು. ಕಥೆಯ ಕೊನೆಯನ್ನೂ ಹೇಳಿದ್ದೇನೆ. ಇನ್ನೂ ನೋಡದವರು ಮೊದಲು ನೋಡಿ, ಆಮೇಲೆ ಓದಿ.

ಪ್ರಶ್ನೆ: ಮೇಡಂ, ನಿಮ್ಮ ಮಾತು ನಂಬಿ ನೋಡಲು ಕೂತೆ. ಅರ್ಧ ಗಂಟೆ ಆಗುವಷ್ಟರಲ್ಲಿ ಯಾರು ಯಾರ ಗಂಡ, ಯಾರು ಯಾರ ಹೆಂಡತಿ ಅನ್ನೋದೇ ತಲೆಗೆ ಹತ್ತಲಿಲ್ಲ. ಒಂದ್ಸಲ ಬಿಡಿಸಿ ಹೇಳ್ತೀರಾ?
– ಓದುಗರು, ಧಾರವಾಡ

ಹೇಳ್ತೀನಿ. ಈವ್ ಪೀಬಡಿ ಅನ್ನೋ ಅಮೆರಿಕದ ಹುಡುಗಿ ಮಾಂಟೆ ಕಾರ್ಲೋದಿಂದ ರೈಲಿನಲ್ಲಿ ಪ್ಯಾರಿಸಿಗೆ ಬಂದು ಇಳಿಯುತ್ತಾಳೆ. ಹೊರಗೆ ಜೋರು ಮಳೆ. ಮೈಮೇಲೆ ಥಳಥಳ ಹೊಳೆಯುವ ಬಂಗಾರ ಬಣ್ಣದ ಗೌನು, ಕೈಯಲ್ಲಿ ಒಂದು ಪರ್ಸು. ಬೇರೆ ಸಾಮಾನು ಏನೂ ಇಲ್ಲ, ಎಲ್ಲ ಗಿರವಿ ಅಂಗಡಿ ಸೇರಿದೆ. ಪರ್ಸಿನಲ್ಲಿ ಗಿರವಿ ಚೀಟಿ ಮತ್ತು 25 ಸಾಂಟೀಮಿನ ಒಂದು ನಾಣ್ಯ. ಅದೂ ನಡುವೆ ತೂತಿರುವ ನಾಣ್ಯ.

ಟಿಬೋರ್ ಚೆರ್ನಿ ಅನ್ನೋ ಹಂಗೇರಿಯ ಟ್ಯಾಕ್ಸಿ ಡ್ರೈವರ್ ಸಿಗುತ್ತಾನೆ. ನೈಟ್ ಕ್ಲಬ್ಬುಗಳಲ್ಲಿ ಹಾಡುವ ಕೆಲಸ ಹುಡುಕಬೇಕು, ಸುತ್ತಿಸು, ಕೆಲಸ ಸಿಕ್ಕರೆ ಡಬಲ್ ಬಾಡಿಗೆ ಅಂತ ಇವಳು ಕರಾರು ಮಾಡಿಕೊಳ್ಳುತ್ತಾಳೆ. ಕೆಲಸ ಸಿಗುವುದಿಲ್ಲ. ಅವನೇ ಊಟ ಹಾಕಿಸುತ್ತಾನೆ, ಮಲಗೋದಕ್ಕೆ ತನ್ನ ರೂಮು ಬಿಟ್ಟುಕೊಡ್ತೀನಿ ಅಂತಾನೆ. ಅವಳು ಟ್ಯಾಕ್ಸಿಯಿಂದ ಇಳಿದು ಓಡಿಹೋಗುತ್ತಾಳೆ. ಓಡಿ ಸೇರುವುದು ಶ್ರೀಮಂತರ ಸಂಗೀತದ ಪಾರ್ಟಿಗೆ, ಅದೂ ಆಮಂತ್ರಣ ಪತ್ರದ ಬದಲು ಗಿರವಿ ಚೀಟಿ ಕೊಟ್ಟು. ಅಲ್ಲಿ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಟ್ಯಾಕ್ಸಿಯವನ ಹೆಸರು. ಹಾಗೆ ಅವಳು ‘ಬ್ಯಾರನೆಸ್ ಚೆರ್ನಿ’ ಆಗುತ್ತಾಳೆ, ಅಂದರೆ ಹಂಗೇರಿಯ ಒಬ್ಬ ಜಹಗೀರದಾರನ ಹೆಂಡತಿ.

ಆ ಪಾರ್ಟಿಯಲ್ಲಿರುವ ಜಾರ್ಜ್ ಫ್ಲಾಮರಿಯನ್ ದೊಡ್ಡ ಸಾಹುಕಾರ. ಅವನ ಹೆಂಡತಿ ಹೆಲೆನ್. ಅವಳಿಗೆ ಜಾಕ್ ಪಿಕೋ ಅನ್ನೋ ಸುಂದರಾಂಗನ ಜೊತೆ ಸಲಿಗೆ. ಆ ಜಾಕ್ ಕಣ್ಣು ಈಗ ಹೊಸದಾಗಿ ಬಂದ ಬ್ಯಾರನೆಸ್ ಮೇಲೆ. ಜಾರ್ಜ್ ಇದನ್ನು ನೋಡುತ್ತಾನೆ. ಇವಳ ಸುಳ್ಳೂ ಅವನಿಗೆ ಗೊತ್ತಾಗುತ್ತದೆ. ಆದರೂ ಗುಟ್ಟು ರಟ್ಟು ಮಾಡುವುದಿಲ್ಲ. ಇವಳ ಪರ್ಸಿಗೆ ಸದ್ದಿಲ್ಲದೆ ನೋಟು ತುರುಕುತ್ತಾನೆ, ರಿಟ್ಜ್ ಹೋಟೆಲಿನಲ್ಲಿ ಅವಳ ಹೆಸರಿಗೆ ರೂಮು ಹಿಡಿಸುತ್ತಾನೆ. ಬೆಳಗ್ಗೆ ಬಂದು, ‘ಆ ಜಾಕ್‌ನನ್ನು ನನ್ನ ಹೆಂಡತಿಯಿಂದ ದೂರ ಮಾಡು, ಖರ್ಚು ನನ್ನದು’ ಅಂತ ಮಾತು ಇಡುತ್ತಾನೆ. ಅತ್ತ ಟಿಬೋರ್ ಊರಿನ ಟ್ಯಾಕ್ಸಿಯವರನ್ನೆಲ್ಲ ಸೇರಿಸಿ ಇವಳನ್ನು ಹುಡುಕಿಸುತ್ತಾನೆ. ಅವಳು ಎಲ್ಲಿದ್ದಾಳೆ, ಯಾವ ಹೆಸರಿನಲ್ಲಿದ್ದಾಳೆ ಅಂತ ಗೊತ್ತಾದ ಕೂಡಲೇ, ವರ್ಸೇಲ್ಸಿನ ಫ್ಲಾಮರಿಯನ್ ಬಂಗಲೆಯಲ್ಲಿ ನಡೆಯುತ್ತಿರುವ ಔತಣಕ್ಕೆ ಬಾಲದ ಕೋಟು ಹಾಕಿಕೊಂಡು ಬ್ಯಾರನ್ ಚೆರ್ನಿಯಾಗಿ ಬಂದು ನಿಲ್ಲುತ್ತಾನೆ. ಅಂದರೆ ಅವಳ ‘ಗಂಡ’ನಾಗಿ.

ಇಷ್ಟು ತಲೆಯಲ್ಲಿಟ್ಟುಕೊಂಡರೆ ಸಾಕು. ನಿಜವಾದ ದಂಪತಿ ಜಾರ್ಜ್ ಮತ್ತು ಹೆಲೆನ್ ಮಾತ್ರ. ಮಿಕ್ಕಿದ್ದೆಲ್ಲ ಬಾಯಿಮಾತಿನ ಮದುವೆ.

ಪ್ರಶ್ನೆ: ಇಂಥ ಸಿನಿಮಾವನ್ನು ‘ಸ್ಕ್ರೂಬಾಲ್’ ಕಾಮಿಡಿ ಅಂತಾರಲ್ಲ. ಹಾಗಂದ್ರೇನು?
– ಓದುಗರು, ಹಾಸನ

ಬೇಸ್‌ಬಾಲ್ ಆಟದ ಮಾತು ಅದು. ತಿರುಗಬೇಕಾದ ಕಡೆ ಬಿಟ್ಟು ಉಲ್ಟಾ ತಿರುಗುವ ಎಸೆತ. ನಮ್ಮ ಕ್ರಿಕೆಟ್ಟಿನ ಗೂಗ್ಲಿ ಇದ್ದ ಹಾಗೆ ಅಂದುಕೊಳ್ಳಿ. ತಲೆ ಸ್ವಲ್ಪ ಲೂಸು ಅನ್ನೋ ಅರ್ಥದಲ್ಲೂ ಅಮೆರಿಕದ ಜನ ಬಳಸುತ್ತಿದ್ದರು. 1934ರಿಂದ 40ರ ದಶಕದ ಮೊದಲ ವರ್ಷಗಳ ತನಕ ಇಂಥ ಸಿನಿಮಾಗಳು ಸಾಲುಸಾಲಾಗಿ ಬಂದವು. ಪಟಪಟ ಮಾತು, ದುಡ್ಡಿದ್ದವರ ಮನೆ, ಗಂಡಸಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸುವ ಹೆಂಗಸು, ಇಷ್ಟು ಇದ್ದೇ ಇರುತ್ತದೆ.

ಪ್ರಶ್ನೆ: ಆ ಕಾಲದ ಕಾಮಿಡಿಗಳಲ್ಲಿ ಗಂಡ ಹೆಂಡತಿ ಅಂತ ನಾಟಕ ಆಡುವುದು, ಡಿವೋರ್ಸ್ ಆಗಿ ಮತ್ತೆ ಅವರನ್ನೇ ಮದುವೆಯಾಗುವುದು, ಇದೇ ಯಾಕೆ ಅಷ್ಟು ಜಾಸ್ತಿ?
– ಓದುಗರು, ಮೈಸೂರು

ಮುಖ್ಯ ಕಾರಣ ಸೆನ್ಸಾರ್. 1934ರ ಜುಲೈನಿಂದ ಹಾಲಿವುಡ್ಡಿನಲ್ಲಿ ‘ಪ್ರೊಡಕ್ಷನ್ ಕೋಡ್’ ಬಿಗಿಯಾಗಿ ಜಾರಿಗೆ ಬಂತು. ಮದುವೆಯ ಪಾವಿತ್ರ್ಯಕ್ಕೆ ಧಕ್ಕೆ ಬರಬಾರದು, ಅಕ್ರಮ ಸಂಬಂಧವನ್ನು ಚೆಂದ ಮಾಡಿ ತೋರಿಸಬಾರದು ಅಂತ ನಿಯಮ. ಹಾಗಿದ್ದರೆ ಗಂಡು ಹೆಣ್ಣಿನ ಸೆಳೆತ ತೋರಿಸುವುದು ಹೇಗೆ? ಬರಹಗಾರರು ದಾರಿ ಕಂಡುಕೊಂಡರು. ಮದುವೆಯಾಗದ ಇಬ್ಬರನ್ನು ದಂಪತಿ ಅಂತ ಊರೆಲ್ಲ ನಂಬುವ ಹಾಗೆ ಮಾಡಿದರೆ, ಮನೆಯವರೇ ಒಂದೇ ರೂಮಿನ ಬೀಗದ ಕೈ ಕೊಡುತ್ತಾರೆ. ‘ಮಿಡ್‌ನೈಟ್’ನಲ್ಲಿ ಆಗುವುದು ಅದೇ. ಬ್ಯಾರನ್ ಬಂದಿದ್ದಾರೆ ಅಂದ ಮೇಲೆ ಬ್ಯಾರನೆಸ್ ರೂಮು ಬಿಟ್ಟು ಬೇರೆಲ್ಲಿ ಮಲಗಿಸುವುದು? ಬಂಗಲೆಯ ಯಾರಿಗೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಇವರಿಬ್ಬರಿಗೆ ಸಂಬಂಧವೇ ಇಲ್ಲ ಅಂತ ಗೊತ್ತಿರುವುದು ನಮಗೆ ಮತ್ತು ಅವರಿಗೆ. ರೂಮಿನಲ್ಲಿ ನಡೆಯುವುದು ಮಾತ್ರ ಬರೀ ಜಗಳ. ಎಷ್ಟು ವರ್ಷ ಸಂಸಾರ ಮಾಡಿದವರ ಹಾಗೆ ಜಗಳ ಆಡುತ್ತಾರೆ ಅಂದರೆ, ನೋಡನೋಡುತ್ತಾ ಇವರು ಗಂಡ ಹೆಂಡತಿಯೇ ಅನ್ನಿಸಿಬಿಡುತ್ತದೆ.

ಎರಡನೇ ಕಾರಣ ದುಡ್ಡಿನ ಮುಗ್ಗಟ್ಟು. 1929ರಲ್ಲಿ ಷೇರುಪೇಟೆ ಬಿದ್ದ ಮೇಲೆ ಅಮೆರಿಕದಲ್ಲಿ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡಿದ್ದರು. ಥಿಯೇಟರಿಗೆ ಬಂದವರಲ್ಲಿ ಎಷ್ಟೋ ಜನಕ್ಕೆ ಈವ್‌ಳ ಪರ್ಸಿನ ಸ್ಥಿತಿ ಹೊಸದೇನಾಗಿರಲಿಲ್ಲ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಒಟ್ಟಿಗೆ ನೋಡಿದೆವು. ಅವಳಿಗೆ ಇಷ್ಟವಾಯಿತು, ನನಗೆ ಈವ್ ಮೇಲೆ ಸಿಟ್ಟು ಬಂತು. ಅವಳು ದುಡ್ಡಿಗಾಗಿ ಗಂಡಸರನ್ನು ಆಟ ಆಡಿಸುವವಳು. ಒಳ್ಳೆ ಮನುಷ್ಯ ಟ್ಯಾಕ್ಸಿಯವನು ಅನ್ನ ಹಾಕಿದರೆ ಓಡಿಹೋಗುತ್ತಾಳೆ. ಇಂಥವಳನ್ನು ನಾವು ಯಾಕೆ ಮೆಚ್ಚಬೇಕು?
– ಓದುಗರು, ನ್ಯೂಜೆರ್ಸಿ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಮನೆಯವರ ಕಡೆ.

ಮೊದಲ ಐದು ನಿಮಿಷ ಇನ್ನೊಮ್ಮೆ ನೋಡಿ. ಅವಳು ರೈಲಿನ ಬೆಂಚಿನ ಮೇಲೆ ನಿದ್ದೆ ಹೋಗಿರುತ್ತಾಳೆ. ಎಬ್ಬಿಸಿದಾಗ ಹೊರಗೆ ಇಣುಕಿ ನೋಡಿ, ಇದೇನಾ ಪ್ಯಾರಿಸ್, ಇಲ್ಲಿಂದ ನೋಡಿದರೆ ಇಂಡಿಯಾನಾದ ಕೊಕೊಮೊ ಊರಿನ ಮಳೆ ರಾತ್ರಿ ಇದ್ದ ಹಾಗಿದೆ ಅಂತಾಳೆ. ಆಮೇಲೆ ಆ ಮಳೆಯಲ್ಲೇ ಇಳಿಯುತ್ತಾಳೆ, ತಲೆ ಮೇಲೆ ಒಂದು ಪೇಪರ್ ಹಿಡಿದುಕೊಂಡು. ಈ ಹುಡುಗಿಗೆ ಆ ರಾತ್ರಿ ಮಲಗಲು ಜಾಗ ಇಲ್ಲ. ಊಟ ಇಲ್ಲ. ಅವಳ ಮೈಮೇಲಿರುವ ಗೌನೊಂದೇ ಅವಳ ಆಸ್ತಿ. ಹಗಲಾದರೆ ಅದನ್ನು ಹಾಕಿಕೊಂಡು ಬೀದಿಯಲ್ಲಿ ಓಡಾಡುವುದಕ್ಕೂ ಆಗುವುದಿಲ್ಲ. ಸುಳ್ಳು ಶುರುವಾಗುವುದು ಅಲ್ಲಿಂದ. ಹೊಟ್ಟೆಪಾಡಿನಿಂದ.

ಇನ್ನು ಟಿಬೋರ್‌ನನ್ನು ಬಿಟ್ಟು ಓಡುವುದು. ಅವನು ಕೆಟ್ಟವನು ಅಂತಲ್ಲ, ಅವನ ಮೇಲೆ ಮನಸ್ಸು ಜಾರುತ್ತಿದೆ ಅಂತ ಹೆದರಿ ಓಡುತ್ತಾಳೆ. ಇದನ್ನು ಈವ್ ಪಾತ್ರ ಮಾಡಿದ ಕ್ಲಾಡೆಟ್ ಕೋಲ್ಬೆರ್ ಮುಖದಲ್ಲಿ ಎಷ್ಟು ಚೆನ್ನಾಗಿ ತೋರಿಸುತ್ತಾರೆ ಅಂದರೆ, ಊಟದ ಹೊತ್ತಿನಲ್ಲಿ ನಗುತ್ತಾ ಹಳೇ ಕಥೆ ಹೇಳುವವಳು ಟ್ಯಾಕ್ಸಿಯಲ್ಲಿ ಕೂತ ಮೇಲೆ ಮೆತ್ತಗಾಗುತ್ತಾಳೆ, ಆ ಮೆತ್ತಗಾದದ್ದು ಗೊತ್ತಾದ ಕೂಡಲೇ ಬಾಗಿಲು ತೆಗೆದು ಇಳಿಯುತ್ತಾಳೆ. ಆ ಊಟದ ಹೊತ್ತಿನ ಕಥೆ ನಿಮಗೆ ನೆನಪಿರಬಹುದು. ಒಬ್ಬ ಲಾರ್ಡ್ ಜೊತೆ ಮದುವೆ ಆಗುವುದಿತ್ತು, ಹುಡುಗನ ತಾಯಿ ಬಂದು ಬಿಟ್ಟುಬಿಡು ಅಂತ ದುಡ್ಡು ಕೊಟ್ಟಳು ಅಂತಾಳೆ. ಅವಳನ್ನು ಹೊರಗೆ ತಳ್ಳಿದೆ ತಾನೇ ಅಂತ ಇವನು ಕೇಳಿದರೆ, ಎರಡು ಕೈಯಲ್ಲೂ ದುಡ್ಡು ಇತ್ತಲ್ಲ, ತಳ್ಳೋದು ಹೇಗೆ ಅಂತಾಳೆ! ತನ್ನ ಬಗ್ಗೆ ಒಂದು ಸುಳ್ಳನ್ನೂ ಅವಳು ಟಿಬೋರ್‌ಗೆ ಹೇಳುವುದಿಲ್ಲ. ಊರಿಗೆಲ್ಲ ಬ್ಯಾರನೆಸ್ ಆದವಳು ಅವನೊಬ್ಬನಿಗೆ ಮಾತ್ರ ಈವ್ ಪೀಬಡಿ. ಅದಕ್ಕೇ ನನಗೆ ಅವಳ ಮೇಲೆ ಇಷ್ಟು ಅಕ್ಕರೆ.

ಇನ್ನೊಂದು ಮಾತು. ಆ ಪಾರ್ಟಿಯ ಶ್ರೀಮಂತರು ಇವಳ ಗೌನು ನೋಡಿದರು, ‘ಬ್ಯಾರನೆಸ್’ ಅನ್ನೋ ಪದ ಕೇಳಿದರು, ಅಷ್ಟಕ್ಕೇ ನಂಬಿದರು. ಅದೇ ಹುಡುಗಿ ಅದೇ ರಾತ್ರಿ ಅದೇ ಗೌನಿನಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಕೆಲಸ ಕೇಳಿಕೊಂಡು ಹೋದಾಗ ಒಬ್ಬರೂ ಕೆಲಸ ಕೊಡಲಿಲ್ಲ. ನೀವು ಸಿಟ್ಟು ಮಾಡಿಕೊಳ್ಳುವುದಾದರೆ ಸ್ವಲ್ಪ ಆ ಕಡೆಗೂ ಮಾಡಿಕೊಳ್ಳಿ.

ಪ್ರಶ್ನೆ: ಇದು ನಮ್ಮ ‘ಮಿಸ್ಸಮ್ಮ’ ಕಥೆಯೇ ಅಲ್ವಾ? ಅದರಲ್ಲೂ ಕೆಲಸಕ್ಕಾಗಿ ಗಂಡ ಹೆಂಡತಿ ಅಂತ ಸುಳ್ಳು ಹೇಳ್ತಾರೆ.
– ಓದುಗರು, ಬಳ್ಳಾರಿ

ಬಳ್ಳಾರಿಯವರಿಗೆ ಅದು ನೆನಪಾಗದೇ ಇರುತ್ತದಾ! ಆದರೆ ಅದು ಬೇರೆ ಬೇರಿನ ಗಿಡ. 1955ರ ತೆಲುಗು ಸಿನಿಮಾ ‘ಮಿಸ್ಸಮ್ಮ’ಕ್ಕೆ ಮೂಲ ಬಂಗಾಳಿಯ ‘ಮಾನ್‌ಮೊಯಿ ಗರ್ಲ್ಸ್ ಸ್ಕೂಲ್’. ಅಲ್ಲಿ ಶಾಲೆಯವರಿಗೆ ಗಂಡ ಹೆಂಡತಿ ಇಬ್ಬರೂ ಮೇಷ್ಟ್ರಾಗಿ ಬೇಕು, ಹಾಗಾಗಿ ಕೆಲಸವಿಲ್ಲದ ಇಬ್ಬರು ದಂಪತಿ ಅಂತ ಹೇಳಿಕೊಂಡು ಹೋಗುತ್ತಾರೆ. ನೀವು ಹೇಳಿದ ಹೋಲಿಕೆ ಮಾತ್ರ ಸರಿಯಾಗೇ ಇದೆ. ಎರಡರಲ್ಲೂ ಸುಳ್ಳು ಮದುವೆಗೆ ಕಾರಣ ಪ್ರೇಮ ಅಲ್ಲ, ಸಂಬಳ. ಪ್ರೇಮ ಆಮೇಲೆ ಬರುತ್ತದೆ.

ಪ್ರಶ್ನೆ: ಅಕ್ಕ, ನಮ್ಮದೊಂದು ಸಣ್ಣ ನಾಟಕ ತಂಡ. ಸುಳ್ಳು ಮದುವೆ ಮೇಲೆ ಒಂದು ಹಾಸ್ಯ ನಾಟಕ ಬರೀತಿದ್ದೀವಿ. ಮೊದಲ ಅಂಕ ಸಲೀಸಾಗಿ ಆಯ್ತು, ಎರಡನೇದರಲ್ಲಿ ಗಾಡಿ ನಿಂತುಬಿಟ್ಟಿದೆ. ಈ ಸಿನಿಮಾದಿಂದ ಏನು ಕಲಿಯಬಹುದು?
– ತಂಡದ ಒಬ್ಬ ಸದಸ್ಯೆ, ಬೆಂಗಳೂರು

ನನ್ನ ಊಹೆ ಏನಂದ್ರೆ, ನಿಮ್ಮ ನಾಟಕದಲ್ಲಿ ಸುಳ್ಳು ಹೇಳುವವರು ಒಂದು ಕಡೆ, ಸತ್ಯ ಪತ್ತೆ ಹಚ್ಚುವವರು ಇನ್ನೊಂದು ಕಡೆ ಇದ್ದಾರೆ. ಹಾಗಿದ್ದರೆ ಎರಡನೇ ಅಂಕದಲ್ಲಿ ‘ಸಿಕ್ಕಿಬೀಳ್ತಾರಾ ಇಲ್ವಾ’ ಅನ್ನೋದೊಂದೇ ಉಳಿಯುತ್ತದೆ, ಅದು ಬೇಗ ಸವೆದುಹೋಗುತ್ತದೆ. ‘ಮಿಡ್‌ನೈಟ್’ನಲ್ಲಿ ಸತ್ಯ ಗೊತ್ತಾದವರೇ ಬಂದು ಸುಳ್ಳಿಗೆ ಸೇರಿಕೊಳ್ಳುತ್ತಾರೆ. ಜಾರ್ಜ್‌ಗೆ ಗೊತ್ತಾಯಿತು, ಅವನು ದುಡ್ಡು ಹಾಕಿ ಸುಳ್ಳನ್ನು ದೊಡ್ಡದು ಮಾಡಿದ. ಟಿಬೋರ್‌ಗೆ ಗೊತ್ತಾಯಿತು, ಅವನು ಗಂಡನಾಗಿಯೇ ಬಂದ. ಒಬ್ಬೊಬ್ಬರು ಸೇರಿದಾಗಲೂ ಈವ್ ಹಿಂದೆ ಸರಿಯುವ ದಾರಿ ಒಂದೊಂದೇ ಮುಚ್ಚುತ್ತದೆ.

ಬೆಳಗಿನ ತಿಂಡಿಯ ದೃಶ್ಯವನ್ನು ನೀವೆಲ್ಲ ಕೂತು ನಾಲ್ಕು ಸಲ ನೋಡಿ. ಟಿಬೋರ್‌ಗೆ ಈವ್‌ಳನ್ನು ಅಲ್ಲಿಂದ ಕರೆದುಕೊಂಡು ಹೋಗಬೇಕು. ಅದಕ್ಕೆ, ಊರಲ್ಲಿರುವ ನಮ್ಮ ಪುಟ್ಟ ಮಗಳು ಫ್ರಾನ್ಸಿಗೆ ದಡಾರ ಎದ್ದಿದೆಯಂತೆ, ಕೂಡಲೇ ಹೊರಡಬೇಕು ಅಂತಾನೆ. ಮಗಳೇ ಇಲ್ಲ! ಆದರೆ ಎಲ್ಲರ ಎದುರು ಈವ್ ಹಾಗೆ ಅನ್ನೋ ಹಾಗಿಲ್ಲ, ಯಾಕೆಂದರೆ ಅವಳು ಹೆಂಡತಿ, ತಾಯಿ. ಮಗುವಿಗೆ ಹುಷಾರಿಲ್ಲ ಅಂದರೆ ತಾಯಿ ಹೊರಡಲೇಬೇಕು. ಅವಳು ಏನು ಮಾಡುತ್ತಾಳೆ? ಫೋನ್ ಮಾಡಿ ವಿಚಾರಿಸೋಣ ಅಂತಾಳೆ. ಬಂಗಲೆಯ ಇನ್ನೊಂದು ಫೋನಿನಲ್ಲಿ ಜಾರ್ಜ್ ಕೂತು ಮಗುವಿನ ದನಿಯಲ್ಲಿ ಮಾತಾಡುತ್ತಾನೆ. ಆ ಪಾತ್ರ ಮಾಡಿದ್ದು ಜಾನ್ ಬ್ಯಾರಿಮೋರ್, ಒಂದು ಕಾಲಕ್ಕೆ ಹ್ಯಾಮ್ಲೆಟ್ ಆಡಿ ಹೆಸರಾದ ದೊಡ್ಡ ರಂಗನಟ. ಅಂಥವರು ಫೋನು ಹಿಡಿದು ದಡಾರ ಎದ್ದ ಕೂಸಿನ ಹಾಗೆ ತೊದಲುವುದನ್ನು ನೋಡಬೇಕು. ಮುಖದ ಒಂದೊಂದು ನರವೂ ಆ ಮಗುವನ್ನು ನಂಬಿದೆ.

ಗಮನಿಸಿ, ಈ ದೃಶ್ಯದಲ್ಲಿ ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡದು ಒಂದಿದೆ. ಇಬ್ಬರು ಸುಳ್ಳುಗಾರರು ಒಬ್ಬರ ಸುಳ್ಳನ್ನು ಇನ್ನೊಬ್ಬರು ಒಪ್ಪಲೇಬೇಕಾದ ಇಕ್ಕಟ್ಟು. ಟಿಬೋರ್ ಹೇಳಿದ ಮಗಳನ್ನು ಈವ್ ಒಪ್ಪಬೇಕು. ಈವ್ ವಾಸಿ ಮಾಡಿಸಿದ ಮಗಳನ್ನು ಟಿಬೋರ್ ಒಪ್ಪಬೇಕು. ಸೋತ ಟಿಬೋರ್ ಕೊನೆಗೆ ಸತ್ಯ ಹೇಳಿಯೇಬಿಡ್ತೀನಿ ಅಂತ ಹೊರಟರೆ, ಅಷ್ಟರಲ್ಲಿ ಈವ್ ನಮ್ಮವರ ವಂಶದಲ್ಲಿ ಹುಚ್ಚು ಇದೆ, ಆಗಾಗ ಹೀಗೆ ಏನೇನೋ ಹೇಳ್ತಾರೆ, ಬೇಜಾರು ಮಾಡ್ಕೋಬೇಡಿ ಅಂತ ಎಲ್ಲರಿಗೂ ಹೇಳಿ ಮುಗಿಸಿರುತ್ತಾಳೆ. ಅವನು ನಾನು ಟ್ಯಾಕ್ಸಿ ಡ್ರೈವರ್ ಅಂದರೆ ಎಲ್ಲರೂ ಪಾಪ ಅಂತ ತಲೆ ಆಡಿಸುತ್ತಾರೆ. ಇಡೀ ಸಿನಿಮಾದಲ್ಲಿ ಯಾರೂ ನಂಬದ ಮಾತು ಅಂದರೆ ಈ ಸತ್ಯ ಒಂದೇ. ನಿಮ್ಮ ಎರಡನೇ ಅಂಕದಲ್ಲಿ ಯಾರಾದರೂ ನಿಜ ಹೇಳಲಿ, ಅದನ್ನು ಯಾರೂ ನಂಬದ ಹಾಗೆ ಮಾಡಿ. ಗಾಡಿ ಹೊರಡುತ್ತದೆ.

ಪ್ರಶ್ನೆ: ಯಾರು ಬರೆದದ್ದು, ಯಾರು ನಿರ್ದೇಶಿಸಿದ್ದು? ಪ್ಯಾರಿಸಿನಲ್ಲೇ ತೆಗೆದದ್ದಾ?
– ಓದುಗರು, ಉಡುಪಿ

ನಿರ್ದೇಶಕ ಮಿಚೆಲ್ ಲೈಸನ್. ಚಿತ್ರಕಥೆ ಚಾರ್ಲ್ಸ್ ಬ್ರ್ಯಾಕೆಟ್ ಮತ್ತು ಬಿಲ್ಲಿ ವೈಲ್ಡರ್. ಪ್ಯಾರಿಸ್ ಅಂತ ಕಾಣುವುದೆಲ್ಲ ಹಾಲಿವುಡ್ಡಿನ ಪ್ಯಾರಮೌಂಟ್ ಸ್ಟುಡಿಯೋ. ಈವ್ ಆಗಿ ಕ್ಲಾಡೆಟ್ ಕೋಲ್ಬೆರ್, ಟಿಬೋರ್ ಆಗಿ ಡಾನ್ ಅಮೀಚಿ, ಹೆಲೆನ್ ಆಗಿ ಮೇರಿ ಆಸ್ಟರ್, ಜಾಕ್ ಆಗಿ ಫ್ರಾನ್ಸಿಸ್ ಲೆಡರರ್. ಒಂದು ವಿಶೇಷ ಏನಂದ್ರೆ, ಅಮೆರಿಕದ ಹುಡುಗಿಯಾಗಿ ನಟಿಸಿದ ಕೋಲ್ಬೆರ್ ಹುಟ್ಟಿದ್ದು ಫ್ರಾನ್ಸಿನಲ್ಲಿ.

ವೈಲ್ಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು ಅನ್ನಿಸುತ್ತದೆ. ಅವರು ಯಹೂದಿ, ಬರ್ಲಿನ್ನಿನಲ್ಲಿ ಸಿನಿಮಾ ಬರೆಯುತ್ತಿದ್ದವರು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಊರು ಬಿಟ್ಟು ಪ್ಯಾರಿಸಿಗೆ ಓಡಿದರು, ಅಲ್ಲಿಂದ ಅಮೆರಿಕಕ್ಕೆ. ಪರ ಊರಿನ ಸ್ಟೇಷನ್ನಿನಲ್ಲಿ ಸಾಮಾನಿಲ್ಲದೆ ಇಳಿಯುವ ಹುಡುಗಿಯನ್ನೂ, ತನ್ನ ದೇಶ ಬಿಟ್ಟು ಬಂದು ಟ್ಯಾಕ್ಸಿ ಓಡಿಸುವ ಹಂಗೇರಿಯವನನ್ನೂ ಬರೆದ ಕೈ ಅದು. ನನಗೆ ಸಿನಿಮಾದ ಆ ಮಳೆ ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ಸಿನಿಮಾ ಬಿಡುಗಡೆಯಾದ ವರ್ಷವೇ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. 1940ರ ಜೂನಿನಲ್ಲಿ ಜರ್ಮನ್ ಸೈನ್ಯ ಪ್ಯಾರಿಸಿಗೆ ನುಗ್ಗಿತು.

2013ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟಿಗೆ ಇದನ್ನು ಸೇರಿಸಿತು.

ಪ್ರಶ್ನೆ: ಮಕ್ಕಳ ಜೊತೆ ನೋಡಬಹುದಾ? ಇದೇ ಥರದ್ದು ಇನ್ನೂ ಒಂದೆರಡು ಹೇಳಿ.
– ಓದುಗರು, ತುಮಕೂರು

ಹೈಸ್ಕೂಲ್ ಮಕ್ಕಳಾದರೆ ಧಾರಾಳವಾಗಿ. ಆದರೆ ಹೆಂಡತಿಗೆ ಹೊಡೆಯುವುದರ ಬಗ್ಗೆ ತಮಾಷೆಯಾಗಿ ಮಾತು ಬರುತ್ತದೆ, ಅದು ನನಗೆ ಯಾವತ್ತೂ ಹಿಡಿಸಿಲ್ಲ. ಹುಚ್ಚಿನ ಬಗ್ಗೆ ಆಡುವ ಮಾತೂ ಅಷ್ಟೇ. ಅಲ್ಲಿ ಸುಮ್ನೆ ಬಿಡದೆ ಮಕ್ಕಳ ಹತ್ತಿರ ಮಾತಾಡಿ.

ಬೇರೆ ಬೇಕೆಂದರೆ 1940ರ ‘ಮೈ ಫೇವರಿಟ್ ವೈಫ್’ ನೋಡಿ. ಏಳು ವರ್ಷದ ಹಿಂದೆ ಹಡಗು ಮುಳುಗಿ ಸತ್ತಳು ಅಂದುಕೊಂಡಿದ್ದ ಹೆಂಡತಿ, ಗಂಡ ಇನ್ನೊಂದು ಮದುವೆಯಾದ ದಿನವೇ ವಾಪಸ್ ಬರುತ್ತಾಳೆ. 1941ರ ‘ಮಿಸ್ಟರ್ ಅಂಡ್ ಮಿಸೆಸ್ ಸ್ಮಿತ್’ನಲ್ಲಿ ದಂಪತಿಗೆ ತಮ್ಮ ಮದುವೆ ಕಾನೂನಿನ ಪ್ರಕಾರ ಆಗಿಯೇ ಇಲ್ಲ ಅಂತ ಗೊತ್ತಾಗುತ್ತದೆ. ಇದರ ನಿರ್ದೇಶಕ ಹಿಚ್‌ಕಾಕ್, ಹೌದು, ಥ್ರಿಲ್ಲರ್ ಸಿನಿಮಾಗಳಿಗೆ ಹೆಸರಾದ ಅದೇ ಹಿಚ್‌ಕಾಕ್. ಮೊದಲನೆಯದು ಹೆಚ್ಚು ಚೆನ್ನಾಗಿದೆ.

ಪ್ರಶ್ನೆ: ನಮ್ಮ ಅಮ್ಮನಿಗೆ 78 ವರ್ಷ. ನಾನು ಪಕ್ಕದಲ್ಲಿ ಕೂತು ಕಥೆ ಹೇಳ್ತಾ ಹೇಳ್ತಾ ತೋರಿಸಿದೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಇವಳು ಸಾವಿರ ಹೇಳಿಯೂ ಮದುವೆ ಆಗಲಿಲ್ವಲ್ಲೇ’ ಅಂದರು. ಕೊನೆಯಲ್ಲಿ ಮಾತು ತುಂಬಾ ವೇಗ, ನನಗೂ ಪೂರ್ತಿ ಅರ್ಥವಾಗಲಿಲ್ಲ. ಕೋರ್ಟಿನಲ್ಲಿ ಏನಾಗುತ್ತದೆ?
– ಓದುಗರು, ಶಿವಮೊಗ್ಗ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಈ ಅಂಕಣದ ಹೆಸರನ್ನು ಅವರ ಮಾತಿನಿಂದಲೇ ಎತ್ತಿಕೊಂಡಿದ್ದೇನೆ.

ಜಾಕ್ ಈವ್‌ಳನ್ನು ಮದುವೆಯಾಗಲು ತಯಾರಾಗಿದ್ದಾನೆ. ಅವಳೂ ಹೂಂ ಅಂದಿದ್ದಾಳೆ. ಆದರೆ ಊರಿನ ಲೆಕ್ಕದಲ್ಲಿ ಅವಳಿಗೆ ಗಂಡ ಇದ್ದಾನಲ್ಲ. ಹಾಗಾಗಿ ಇಲ್ಲದ ಮದುವೆಗೆ ಡಿವೋರ್ಸ್ ತಗೋಬೇಕು! ಕೋರ್ಟಿಗೆ ಹೋಗುತ್ತಾರೆ. ಅಲ್ಲಿನ ಜಡ್ಜ್ ಪಾತ್ರದಲ್ಲಿ ಮಾಂಟಿ ವುಲಿ ಇದ್ದಾರೆ, ದೊಡ್ಡ ಗಡ್ಡದವರು. ಅವರು ಗಂಡ ಹೆಂಡತಿಯನ್ನು ರಾಜಿ ಮಾಡಿಕೊಳ್ಳಿ ಅಂತ ಒಂದು ಕೋಣೆಗೆ ಕಳಿಸುತ್ತಾರೆ. ಟಿಬೋರ್ ಹೊರಗೆ ಬಂದವನೇ ಹುಚ್ಚನ ಹಾಗೆ ಆಡಲು ಶುರುಮಾಡುತ್ತಾನೆ. ಯಾಕೆ ಗೊತ್ತಾ? ಹುಚ್ಚು ಹಿಡಿದ ಗಂಡನಿಂದ ಡಿವೋರ್ಸ್ ಕೊಡಲು ಆ ಕೋರ್ಟಿನ ಕಾನೂನಿನಲ್ಲಿ ಅವಕಾಶ ಇಲ್ಲ. ವರ್ಸೇಲ್ಸಿನಲ್ಲಿ ಅವನ ಬಾಯಿ ಮುಚ್ಚಿಸಲು ಈವ್ ಹೇಳಿದ ಸುಳ್ಳು ನೆನಪಿದೆ ಅಲ್ವಾ? ಅದೇ ಸುಳ್ಳನ್ನು ಅವನು ಎತ್ತಿಕೊಂಡು, ಅವಳನ್ನು ಕಳೆದುಕೊಳ್ಳದ ಹಾಗೆ ಬಳಸಿಕೊಳ್ಳುತ್ತಾನೆ. ಜಡ್ಜ್ ಅರ್ಜಿ ವಜಾ ಮಾಡುತ್ತಾರೆ. ಅಲ್ಲಿಗೆ ಈವ್‌ಳ ಹಟವೂ ಮುಗಿಯುತ್ತದೆ. ಹೆಲೆನ್ ಗಂಡನ ಜೊತೆಗೇ ಉಳಿಯುತ್ತಾಳೆ.

ಹಾಗಾಗಿ ಅಮ್ಮನಿಗೆ ಹೇಳಿ, ಮದುವೆ ಆಗುತ್ತದೆ. ಕೊನೆಯಲ್ಲಿ ಈವ್, ಟಿಬೋರ್ ಇಬ್ಬರೂ ಕೋರ್ಟಿನಿಂದ ಕೈ ಕೈ ಹಿಡಿದು ಹೊರಡುತ್ತಾರೆ. ಜಡ್ಜ್ ಎದುರಾಗಿ ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಾರೆ. ಇವರು ಮದುವೆಯಾಗಲು ಅಂತ ಹೇಳಿ ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮುಂಚೆ ಇದೇ ಜೋಡಿಗೆ ಡಿವೋರ್ಸ್ ಕೊಡುವುದಿಲ್ಲ ಅಂತ ತೀರ್ಪು ಕೊಟ್ಟ ಜಡ್ಜ್ ಬಾಯಿ ತೆರೆದು ನೋಡುತ್ತಾ ನಿಲ್ಲುತ್ತಾರೆ. ಮುಂದಿನ ಸಲ ತೋರಿಸುವಾಗ ಅಲ್ಲಿ ಸ್ವಲ್ಪ ನಿಲ್ಲಿಸಿ, ಆ ಮುಖವನ್ನು ಅಮ್ಮ ಸರಿಯಾಗಿ ನೋಡಲಿ.